ಕಾಲು ಮುಂದಾಗಿ ಹುಟ್ಟಿದವರು

ಜಗುಲಿಯ ಮೇಲೆ ಹಳ್ಳಿಮೈಸೂರಿನ ಚನ್ನಪ್ಪ ಬೋರಲಾಗಿ ಮಲಗಿದ್ದ. ಅಂಗಿಯನ್ನು ಬೆನ್ನಿನ ಮೇಲಕ್ಕೆ ಸರಿಸಿಕೊಂಡಿದ್ದ. ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಕಾವೇರಮ್ಮ, ನಾಲ್ಕೂವರೆ ತಿಂಗಳ ಮೊಮ್ಮಗಳನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದು, ಅದರ ಹಿಮ್ಮಡಿಯನ್ನು ಅವನ ಸೊಂಟದ ಮೇಲೆ ಮೇಲಿನಿಂದ ಕೆಳಕ್ಕೆ ಎಳೆಸುತ್ತಿದ್ದಳು. ಮಗು ಕಿರುಚುತ್ತಿತ್ತು.

“ಒಸಿ ಕೆಳೀಕೆ ಅಮ್ಮಾವ್ರೆ... ಇನ್ನೂ ಒಸಿ... ಹಾಂ, ಅಲ್ಲೇ ಕಣವ್ವ ಇಡ್ಕಂಡಿರಾದು.”

ಅವನ ಹೆಂಡತಿ ನಂಜಮ್ಮ ಅವರೆಕಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. “ಗೇಯ್ದು ಇಡ್ಕಂಡಿದ್ರೆ ಕೂಸು ಒದ್ರೆ ಬುಡ್ತಿತ್ತು. ಇವ್ನಿಗೆ ಮನೀಕಂಡು ಮನೀಕಂಡೇ ಸೊಂಟ ಇಡ್ಕಂಡದೆ. ಇದ್ಕೆ ಕೂಸಿನ ಕಾಲು ಸಾಲದು, ಎತ್ತಿನ ಕಾಲೇ ಆಗ್ಬೇಕು.”

“ಸುಮ್ಕಿರಮ್ಮಿ, ನಗಿಸ್ಬ್ಯಾಡ, ನೋಯ್ತದೆ.”

ಹಾಸನದ ಬಸ್ಸಿಳಿದು ಕೋಟೆ ಬೀದಿಯ ಬಿಸಿಲಲ್ಲಿ ನಡೆದು ಬಂದಿದ್ದ ರಂಜನಿ ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ಕೈಚೀಲ ಕೆಳಗಿಡುವುದೂ ಮರೆತುಹೋಯಿತು. ತಮ್ಮನ ಹೆಂಡತಿ ಪ್ರೇಮಕುಮಾರಿ ಬಾಣಂತನ ಮುಗಿಸಿಕೊಂಡು ಅರಕಲಗೂಡಿನ ತೌರಿನಿಂದ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಅಷ್ಟರಲ್ಲೇ ಸುದ್ದಿ ಹಳ್ಳಿಮೈಸೂರಿಗೆ ಮುಟ್ಟಿತ್ತು: ಮೇಷ್ಟ್ರ ಮನೆಯಲ್ಲಿ ಮತ್ತೆ ಕಾಲು ಮುಂದಾಗಿ ಹುಟ್ಟಿದ ಹೆಣ್ಣು ಕೂಸು ಬಂದಿದೆ.

“ಅಮ್ಮ, ಮಗು ಇಲ್ಲಿ ಕೊಡು,” ಎಂದಳು ರಂಜನಿ.

“ಬಂದ್ಯಾ? ಇರೇ, ಮೂರು ಸಲ ಆಗಬೇಕು. ಎರಡಾಗಿದೆ.”

“ಕೊಡು ಅಂದೆ.”

ಆ ದನಿ ಕೇಳಿ ಚನ್ನಪ್ಪ ಕತ್ತು ಹೊರಳಿಸಿ ನೋಡಿದ. ರಂಜನಿ ಮೆಟ್ಟಿಲು ಹತ್ತಿ ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಹಿಂದಿನಿಂದ ನಂಜಮ್ಮನ ಮಾತು ಕೇಳಿಸಿತು: “ಚಿಕ್ಕಮ್ಮಾವ್ರು ಮೊದ್ಲು ನಂಗೆ ಎಂಗೆ ಒದೀತಿದ್ರು, ಗೊತ್ತಾ? ಒಂದೇ ಏಟು, ಬಸ್ಸಿಗೆ ಓಡೋಯ್ತಿದ್ದೆ. ಓದ್ಬುಟ್ಟ ಮ್ಯಾಲೆ ಅಂಗೇ, ಕಾಲು ಭಾರ ಆಯ್ತದೆ.”

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರೂ ಬಲ್ಲ ಮಾತು. ಹೊಳೆನರಸೀಪುರದ ಪಟ್ಟಾಭಿರಾಮ ಮೇಷ್ಟರ ಮನೆಯಲ್ಲಿ ಹಾಗೆ ಹುಟ್ಟಿದ ಮೊದಲನೆಯವಳು ರಂಜನಿ. ಅವಳಿಗೆ ನೆನಪಿರುವ ಬಾಲ್ಯವೆಲ್ಲ ಈ ಜಗುಲಿಯದ್ದೇ. ಶಾಲೆಗೆ ಹೊರಡುವ ಹೊತ್ತಿಗೆ ಯಾರೋ ಬಂದು ಬೋರಲು ಮಲಗಿರುತ್ತಿದ್ದರು. ಅಮ್ಮ ಕರೆಯುತ್ತಿದ್ದಳು. ಎಡಗಾಲಲ್ಲಿ ಒದೆಯುವುದು ಅಪಶಕುನ, ಬಲಗಾಲಲ್ಲೇ ಒದೆಯಬೇಕು. ಹಾಗಾಗಿ ಅವಳು ಎಡಗಾಲ ಮೇಲೆ ನಿಂತು, ವಾಲಿ, ಕಂಬ ಹಿಡಿದುಕೊಂಡು ಒದೆಯುತ್ತಿದ್ದಳು. ಅದಕ್ಕೆ ಯಾರೂ ದುಡ್ಡು ಕೊಡುವಂತಿರಲಿಲ್ಲ, ಇಸಿದುಕೊಳ್ಳುವಂತೆಯೂ ಇರಲಿಲ್ಲ. ತೆಂಗಿನಕಾಯಿ, ಸೊಪ್ಪು, ಕಾಳು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ಬರುತ್ತಿತ್ತು. ಸಂತೆಗೆ ಹೋದರೆ ಅಪ್ಪನಿಗೆ ಜನ ದಾರಿ ಬಿಡುತ್ತಿದ್ದರು.

ಸಂಜೆ ಎಡ ತೊಡೆಸಂದಿಯಲ್ಲಿ ನೋವು ಬರುತ್ತಿತ್ತು. ದೃಷ್ಟಿ ತಾಗಿದೆ ಎಂದು ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ದೊಡ್ಡವಳಾದ ಮೇಲೆ ಚನ್ನರಾಯಪಟ್ಟಣದಿಂದ ನೋಡಲು ಬಂದವರು ಹುಡುಗಿಯನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಎರಡು ಸಲ ನಡೆಸಿ ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಬರೆಯುತ್ತೇವೆಂದು ಹೋದರು. ಅವರು ಬರೆಯಲಿಲ್ಲ. ಆಮೇಲೆ ಬಂದವರೂ ಹಾಗೆಯೇ. “ಅವಳ ನಡಿಗೆಯೇ ಹಾಗೆ,” ಎನ್ನುತ್ತಿದ್ದಳು ಅಮ್ಮ, ಕಣ್ಣಿನ ಬಣ್ಣದ ಬಗ್ಗೆ ಹೇಳುವ ಹಾಗೆ.

ರಂಜನಿ ಓದಿದಳು. ಹಾಸನದ ಒಂದು ನರ್ಸಿಂಗ್ ಶಾಲೆಯಲ್ಲಿ ಮೂಳೆ ಮಾಂಸಖಂಡಗಳ ಪಾಠ ಹೇಳುವ ಕೆಲಸ ಸಿಕ್ಕಿತು. ಸೊಂಟದ ಮೂಳೆಯನ್ನು ಕೈಯಲ್ಲಿ ಹಿಡಿದು, ಸ್ನಾಯು ಹೊರಡುವ ಜಾಗಕ್ಕೆ ಕೆಂಪು ಸೀಮೆಸುಣ್ಣ, ಬಂದು ಅಂಟುವ ಜಾಗಕ್ಕೆ ನೀಲಿ ಸೀಮೆಸುಣ್ಣ ಹಚ್ಚಿ ಹುಡುಗಿಯರಿಗೆ ತೋರಿಸುತ್ತಿದ್ದಳು. ಪ್ರತಿ ವರ್ಷವೂ ಹೇಳುತ್ತಿದ್ದ ಮಾತು ಒಂದಿತ್ತು. ಸೊಂಟದ ಅಗಲ ಮೂಳೆಯ ಹೊರಮೈಯಿಂದ ಹೊರಟು ತೊಡೆಮೂಳೆಯ ಹೊರಗುಬ್ಬಿಗೆ ಬಂದು ಕಚ್ಚಿಕೊಳ್ಳುವ ಸ್ನಾಯು ಇದು, ಗ್ಲೂಟಿಯಸ್ ಮೀಡಿಯಸ್. ನೀವು ಒಂಟಿಕಾಲಲ್ಲಿ ನಿಂತಾಗ ಸೊಂಟದ ಇನ್ನೊಂದು ಬದಿ ಕೆಳಗೆ ಜಾರದ ಹಾಗೆ ಎಳೆದು ಹಿಡಿಯುವುದು ಇದೇ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಅವಳು ಬೋರ್ಡು ಒರೆಸಿ, ವಾಲುತ್ತ, ಸ್ಟಾಫ್ ರೂಮಿಗೆ ಹೋಗುತ್ತಿದ್ದಳು.

ಹೋದ ವರ್ಷ, ತೊಂಬತ್ತೈದರ ಮಳೆಗಾಲದಲ್ಲಿ, ಮಹಡಿ ಮೆಟ್ಟಿಲು ಹತ್ತಲಾಗದಷ್ಟು ನೋವು ಬಂದಾಗ ಹಾಸನದ ಒಬ್ಬ ಮೂಳೆ ಡಾಕ್ಟರಲ್ಲಿಗೆ ಹೋದಳು. ಡಾಕ್ಟರು ಅವಳ ಹಿಂದೆ ನಿಂತು ಹೇಳಿದರು: “ಒಂಟಿಕಾಲಲ್ಲಿ ನಿಲ್ಲಿ. ಎಡಗಾಲ ಮೇಲೆ.”

ಅವಳು ನಿಂತಳು. ನಿಂತ ಕೂಡಲೇ, ಕಂಬಕ್ಕಾಗಿ ಅವಳ ಕೈ ಗಾಳಿಯಲ್ಲಿ ತಡಕಾಡಿತು. ಬಲಗಡೆಯ ಸೊಂಟ ಜಾರಿ ಕೆಳಗಿಳಿದದ್ದು ಅವಳಿಗೇ ಗೊತ್ತಾಯಿತು.

“ಹುಟ್ಟಿದಾಗ ಕಾಲು ಮುಂದಾಗಿ ಬಂದಿರೇನು?” ಎಂದರು ಡಾಕ್ಟರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ತೊಡೆಮೂಳೆಯ ಗುಂಡು ಸೊಂಟದ ಮೂಳೆಯ ಬಟ್ಟಲಲ್ಲಿ ಸರಿಯಾಗಿ ಕೂತೇ ಇರಲಿಲ್ಲ, ಅರ್ಧ ಹೊರಗೆ, ಮೇಲಕ್ಕೆ ಸರಿದಿತ್ತು. ಬಟ್ಟಲು ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ಗುಂಡು ಮೇಲೆ ಸರಿದರೆ ಸ್ನಾಯುವಿನ ಎರಡು ತುದಿಗಳು ಹತ್ತಿರವಾಗಿ, ಅದು ಸಡಿಲಬಿಟ್ಟ ಹಗ್ಗವಾಗುತ್ತದೆ. ಎಳೆಯಲು ಬಲ ಇರುವುದಿಲ್ಲ. ಕಾಲು ಮುಂದಾಗಿ ಹುಟ್ಟುವ ಹೆಣ್ಣುಮಕ್ಕಳಲ್ಲಿ ಇದು ಬೇರೆಯವರಿಗಿಂತ ಹೆಚ್ಚು ಎಂದರು ಡಾಕ್ಟರು. ಮೊದಲ ಆರು ತಿಂಗಳಲ್ಲಿ ಕಂಡಿದ್ದರೆ ಒಂದು ಬೆಲ್ಟಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಸಿಮೆಂಟು ಪಟ್ಟಿ. ಅದಕ್ಕೂ ಆಮೇಲೆ ಆಪರೇಶನ್. ಈಗ, ನೋವಿನ ಮಾತ್ರೆ.

ಜಗುಲಿಯ ಮೇಲೆ ತಾನು ಮಾಡುತ್ತಿದ್ದದ್ದು ಅದೇ ಪರೀಕ್ಷೆ, ಬೆಳಿಗ್ಗೆ ಬೆಳಿಗ್ಗೆ, ವರ್ಷಗಟ್ಟಲೆ. ಒದೆಸಿಕೊಳ್ಳುವವರೆಲ್ಲ ಮುಖ ಕೆಳಗೆ ಮಾಡಿ ಮಲಗಿರುತ್ತಿದ್ದರು, ಒದೆಯುವವಳ ಸೊಂಟ ಅವರಿಗೆ ಕಾಣುವಂತಿರಲಿಲ್ಲ. ಆ ವಿಷಯವನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಪಾಪ, ಹಳೆಯ ಕಾಲದವರು, ಗೊತ್ತಿರಲಿಲ್ಲ, ಹೇಳಿ ಯಾಕೆ ನೋಯಿಸಲಿ ಎಂದುಕೊಂಡಿದ್ದಳು.

ಈಗ ಅವಳು ನಡುಮನೆಯ ಚಾಪೆಯ ಮೇಲೆ ಮಗು ಅನ್ವಿತಾಳನ್ನು ಮಲಗಿಸಿ ಲಂಗೋಟಿ ಬಿಚ್ಚಿದಳು. ಎರಡೂ ಮಂಡಿಗಳನ್ನು ಮಡಿಸಿ ಪಾದ ಜೋಡಿಸಿ ಇಟ್ಟಳು. ಎಡ ಮಂಡಿ ಒಂದು ಬೆರಳಿನಷ್ಟು ತಗ್ಗಿತ್ತು. ತೊಡೆಗಳನ್ನು ಮೆಲ್ಲಗೆ ಹೊರಕ್ಕೆ ಅಗಲಿಸಿದಳು. ಬಲಗಡೆಯದು ಚಾಪೆಗೆ ತಾಗುವವರೆಗೆ ಹೋಯಿತು. ಎಡಗಡೆಯದು ಅರ್ಧ ದಾರಿಯಲ್ಲಿ ಬಿಗಿದು ನಿಂತಿತು. ತೊಡೆಯ ಮಡಿಕೆಗಳೂ ಒಂದೇ ಸಮ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಪ್ರೇಮಾ ಹತ್ತಿರ ಬಂದು ಕೂತಳು. “ಲಂಗೋಟಿ ಕಟ್ಟುವಾಗ ಆ ಕಾಲು ಬಿಗಿಯುತ್ತೆ ಅಕ್ಕ. ಅರಕಲಗೂಡಲ್ಲಿ ನಮ್ಮಮ್ಮನೂ ಅಂದ್ರು. ಇಲ್ಲಿ ಅತ್ತೆಗೆ ಹೇಳಿದ್ರೆ, ಕಾಲಿನ ಗುಣ ಇರೋ ಮಕ್ಕಳಿಗೆ ಹಾಗೇ ಅಂದ್ರು.”

ರಂಜನಿ ಮಗುವಿಗೆ ಲಂಗೋಟಿ ಸುತ್ತಿದಳು. “ಇವತ್ತೇ ಹಾಸನಕ್ಕೆ ಕರಕೊಂಡು ಹೋಗಬೇಕು. ಡಾಕ್ಟರು ಸಾಯಂಕಾಲ ಇರುತ್ತಾರೆ. ಇನ್ನೂ ಹೊತ್ತು ಮೀರಿಲ್ಲ.”

ಮಾತು ಹೊರಗೆ ಕೇಳಿಸಿರಬೇಕು. ಚನ್ನಪ್ಪನನ್ನು ಕಳುಹಿಸಿ ಕಾವೇರಮ್ಮ ಒಳಗೆ ಬಂದಳು. ಊಟಕ್ಕೆ ಕೂರಲು ಕೈಕಾಲು ತೊಳೆದುಕೊಂಡು ಪಟ್ಟಾಭಿರಾಮ ಮೇಷ್ಟರೂ ಬಂದರು. ಸಹಕಾರ ಸಂಘದಲ್ಲಿ ಅರ್ಧ ದಿನದ ಕೆಲಸ ಮುಗಿಸಿಕೊಂಡು ತಮ್ಮ ಜಯಂತನೂ ಬಂದ. ರಂಜನಿ ಎಲ್ಲರೆದುರಿಗೆ ಇನ್ನೊಮ್ಮೆ ಮಗುವಿನ ಕಾಲು ಮಡಿಸಿ ತೋರಿಸಿದಳು. ಮಾತನಾಡುವ ಮುಂಚೆ ಪ್ರತಿ ಪದವನ್ನೂ ಎರಡು ಸಲ ತೂಗಿ ನೋಡುವುದು ಅವಳ ಅಭ್ಯಾಸ. ಇವತ್ತೂ ತೂಗಿಯೇ ಹೇಳಿದಳು: ತೊಡೆಮೂಳೆ ಬಟ್ಟಲಲ್ಲಿ ಕೂತಿಲ್ಲ, ಈಗ ಸರಿಮಾಡಬಹುದು, ತಡವಾದರೆ ಕಷ್ಟ.

“ಹೆಣ್ಣು ಕೂಸು,” ಎಂದಳು ಕಾವೇರಮ್ಮ. “ಸೊಂಟದಲ್ಲಿ ಊನ ಅಂತ ಊರೆಲ್ಲ ಹಬ್ಬಿದ್ರೆ ನಾಳೆ ಯಾರು ಮಾಡ್ಕೋತಾರೆ?”

“ನನ್ನನ್ನ ಯಾರು ಮಾಡ್ಕೊಂಡ್ರು?”

ಜಯಂತ ಶರಟಿನ ತೋಳು ಮಡಿಸುತ್ತ, “ಮುಂದಿನ ವಾರ ನೋಡೋಣ ಅಕ್ಕ. ಈಗ ಸಂಘದಲ್ಲಿ ಆಡಿಟ್ಟು. ಎಂಟು ದಿನದಲ್ಲಿ ಏನಾಗಿಬಿಡುತ್ತೆ?” ಎಂದ.

“ನಿನಗೆ ಆಡಿಟ್ಟು. ಮಗಳ ಸೊಂಟಕ್ಕೆ ಯಾವ ಆಡಿಟ್ಟು?”

ಮೇಷ್ಟರು ಕೈಯೆತ್ತಿ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: “ಇಷ್ಟಕ್ಕೆ ಹೆದರಬಾರದಮ್ಮ ರಂಜು. ನಿನಗೂ ಹೀಗೇ ಅಂದಿದ್ದರು. ಏನಾಯಿತು ಈಗ? ನಡೀತಿದ್ದೀಯ, ಓಡಾಡ್ತಿದ್ದೀಯ, ನಾಲ್ಕು ಜನಕ್ಕೆ ಪಾಠ ಹೇಳ್ತಿದ್ದೀಯ.”

ಅಡುಗೆಮನೆಯಲ್ಲಿ ಸಾರು ಕುದಿಯುವ ಸದ್ದು ಕೇಳುತ್ತಿತ್ತು. ರಂಜನಿ ಅಪ್ಪನ ಮುಖ ನೋಡಿದಳು. ಅವರು ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ತಿಳಿದು ಹೆಂಡತಿಯ ಕಡೆ ತಿರುಗಿದ್ದರು.

“ಯಾರು ಅಂದಿದ್ದರು?”

“ಬಿಡೇ ಅದನ್ನ. ಹಳೇದು,” ಎಂದಳು ಕಾವೇರಮ್ಮ.

“ಯಾರು ಅಂದಿದ್ದರು ಅಮ್ಮ?”

ಕಾವೇರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹಾಸನದಲ್ಲಿ ಒಬ್ಬ ಡಾಕ್ಟರು. ನಿನಗೆ ಆಗ ಹತ್ತು ತಿಂಗಳು. ಎರಡೂ ಕಾಲು ಕಪ್ಪೆ ತರ ಅಗಲಿಸಿ ಸಿಮೆಂಟು ಹಾಕಬೇಕು, ತಿಂಗಳುಗಟ್ಟಲೆ ಹಾಗೇ ಇರಬೇಕು ಅಂದ್ರು. ನಿಮ್ಮಜ್ಜಿ ಒಪ್ಪಲಿಲ್ಲ.”

“ಯಾಕೆ?”

“ಕಾಲು ಮುಂದಾಗಿ ಹುಟ್ಟಿದ ಕೂಸಿನ ಕಾಲು ಕಟ್ಟಿ ಹಾಕಿದ್ರೆ ಗುಣ ಹೋಗುತ್ತಂತೆ. ಆಗಲೇ ಜನ ಬರೋಕೆ ಶುರುವಾಗಿತ್ತು. ದಿನಾ ಬಾಗಿಲಿಗೆ ಬಂದು ಕೈಮುಗಿದು ಕೂರೋರಿಗೆ ಏನು ಹೇಳೋದು? ನಾನು ಆಗ ಈ ಮನೇಲಿ ಬಾಯಿ ಬಿಡೋ ಹಾಗಿತ್ತೇನೇ?”

ಗೊತ್ತಿರಲಿಲ್ಲ ಎಂದು ರಂಜನಿ ಒಂದು ವರ್ಷ ಅವರಿಗಾಗಿ ಕೊರಗಿದ್ದಳು. ಗೊತ್ತಿತ್ತು. ಕಂಬ ಹಿಡಿದು ವಾಲುವ ಹುಡುಗಿಯನ್ನು ಪಕ್ಕದಲ್ಲಿ ನಿಂತು ನೋಡುತ್ತ, ಗೊತ್ತಿದ್ದೇ, ಇನ್ನೊಂದು ಸಲ ಒದಿ ಪುಟ್ಟಾ ಎನ್ನುತ್ತಿದ್ದಳು ಅಮ್ಮ. ತೂಗುವ ಅಭ್ಯಾಸವೆಲ್ಲ ಆ ಗಳಿಗೆಯಲ್ಲಿ ಬಿಟ್ಟುಹೋಯಿತು.

“ಊರವರ ಸೊಂಟ ನೆಟ್ಟಗಾಗಲಿ ಅಂತ ನನ್ನ ಸೊಂಟ ಮುರಿದಿರಿ. ಅಲ್ಲ, ಮುರಿಯೋ ಕಷ್ಟವನ್ನೂ ತಗೊಳ್ಳಲಿಲ್ಲ, ಮುರಿದದ್ದನ್ನ ಹಾಗೇ ಇಟ್ಟುಕೊಂಡ್ರಿ, ಉಪಯೋಗಕ್ಕೆ ಬರುತ್ತೆ ಅಂತ! ಸಾಯಂಕಾಲ ಅಳ್ತಿದ್ನಲ್ಲ, ಉಪ್ಪು ಮೆಣಸಿನಕಾಯಿ ನಿವಾಳಿಸ್ತಿದ್ದೆಯಲ್ಲಮ್ಮ, ಯಾರ ದೃಷ್ಟಿ ಅದು? ನಿನ್ನದೇ ತಾನೆ? ನೋಡ್ತಾ ನಿಂತಿದ್ದವಳು ನೀನು!”

“ರಂಜನಿ!” ಎಂದರು ಮೇಷ್ಟರು. “ದೊಡ್ಡವರ ಎದುರು ಹೀಗಾ ಮಾತಾಡೋದು? ಆ ಕಾಲಿಂದ ಎಷ್ಟು ಜನಕ್ಕೆ ಒಳ್ಳೇದಾಗಿದೆ ಗೊತ್ತೇನು ನಿನಗೆ?”

“ಸೊಂಟದ ಉಳುಕು ನಾಲ್ಕು ದಿನ ಮಲಗಿದ್ರೆ ತಾನೇ ಬಿಡುತ್ತೆ ಅಪ್ಪ! ನಾಯಿ ತುಳಿದ್ರೂ ಬಿಡುತ್ತೆ, ತುಳೀದೆ ಇದ್ರೂ ಬಿಡುತ್ತೆ. ನನ್ನದು ಬಿಡಲ್ಲ.”

ಮಗು ಬೆಚ್ಚಿ ಅಳಲು ಶುರುಮಾಡಿತು. ಕಾವೇರಮ್ಮನೂ ಅಳುತ್ತಿದ್ದಳು. ಅದನ್ನು ನೋಡಿ ರಂಜನಿಯ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಅಳುವುದಕ್ಕೂ ಇವರೇ ಮೊದಲು ಎನ್ನಿಸಿತು. ಆದರೆ ಈ ಜಗಳದಲ್ಲಿ ಗೆದ್ದರೂ ಮಗು ಇಲ್ಲೇ ಉಳಿಯುತ್ತದೆ ಎಂಬ ಭಯ ಅದರ ಹಿಂದೆಯೇ ಬಂತು. ಮಗು ಅವಳದಲ್ಲ. ಅಪ್ಪ ಬೇಡವೆಂದರೆ ಜಯಂತ ಬೇಡವೆನ್ನುತ್ತಾನೆ. ಎಂಟು ದಿನ ಎಂದದ್ದು ಎಂಟು ತಿಂಗಳಾಗುತ್ತದೆ, ಆಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಕಂಬ ಹಿಡಿದು ನಿಂತಿರುತ್ತಾಳೆ. ಅವಳು ತಮ್ಮನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ಪ್ರೇಮಾ ಯಾವಾಗ ಎದ್ದು ಹೋಗಿದ್ದಳೋ ಯಾರೂ ಗಮನಿಸಿರಲಿಲ್ಲ. ಈಗ ಕೋಣೆಯಿಂದ ಬಂದಳು. ಸೀರೆ ಬದಲಾಯಿಸಿದ್ದಳು. ಕೈಯಲ್ಲಿ ಮಗುವಿನ ಬಟ್ಟೆಯ ಬುಟ್ಟಿ.

“ಹಾಸನದ ಬಸ್ಸು ಎಷ್ಟು ಹೊತ್ತಿಗೆ ಅಕ್ಕ?”

“ಎಲ್ಲಿಗೆ ಹೊರಟೆ?” ಎಂದಳು ಕಾವೇರಮ್ಮ, ಕಣ್ಣೊರೆಸಿಕೊಳ್ಳುತ್ತ. “ಗಂಡನ್ನ ಕೇಳಿದ್ಯಾ?”

“ಕೇಳ್ತಾ ಕೂತ್ರೆ ಬಸ್ಸು ಹೋಗುತ್ತೆ ಅತ್ತೆ,” ಎಂದಳು ಪ್ರೇಮಾ. ಗಂಡನ ಕಡೆ ತಿರುಗಿ, “ನೀವು ಬರ್ತೀರೋ, ಊಟ ಮಾಡ್ತೀರೋ?” ಎಂದಳು.

ಜಯಂತ ಒಂದು ಕ್ಷಣ ಅಪ್ಪನ ಮುಖ ನೋಡಿದ. ಆಮೇಲೆ ಚಪ್ಪಲಿ ಹಾಕಿಕೊಂಡ.

ಸಾಯಂಕಾಲ ಎಕ್ಸ್‌ರೇ ಬಂತು. ಬಲಗಡೆ ಬಟ್ಟಲು ಗುಂಡಗಿತ್ತು. ಎಡಗಡೆ ಇಳಿಜಾರಾಗಿತ್ತು, ತೊಡೆಮೂಳೆಯ ತುದಿ ಅದರ ಅಂಚಿನಾಚೆ ಸರಿದಿತ್ತು. ಅದು ತನ್ನದೇ ಚಿತ್ರವನ್ನು ಚಿಕ್ಕದಾಗಿ ಮಾಡಿಟ್ಟಂತೆ ಕಂಡು ರಂಜನಿ ಅದನ್ನು ಬಹಳ ಹೊತ್ತು ನೋಡಲಾರದೆ ಹೋದಳು. ಡಾಕ್ಟರು ಬಟ್ಟೆಯ ಪಟ್ಟಿಗಳಿದ್ದ ಒಂದು ಬೆಲ್ಟು ತರಿಸಿ, ಮಗುವಿನ ಎದೆಗೂ ಹೆಗಲಿಗೂ ಕಾಲಿಗೂ ತೊಡಿಸಿ, ಮಂಡಿಗಳು ಮೇಲೆದ್ದು ಅಗಲವಾಗಿ ನಿಲ್ಲುವಂತೆ ಕಟ್ಟಿದರು. ಹೀಗಿದ್ದರೆ ಗುಂಡು ತಾನಾಗಿ ಬಟ್ಟಲೊಳಗೆ ಕೂರುತ್ತದೆ, ಬಟ್ಟಲು ಅದರ ಸುತ್ತ ಬೆಳೆಯುತ್ತದೆ ಎಂದರು. “ಹಗಲು ರಾತ್ರಿ ಇರಬೇಕು. ಸ್ನಾನಕ್ಕೂ ಬಿಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವಾರವಾರ ತಂದು ತೋರಿಸಿ. ಬಿಚ್ಚಿ ಬಿಚ್ಚಿ ಕಟ್ಟಿದರೆ ನಾನು ಹೊಣೆಯಲ್ಲ.”

ಹೊರಗೆ ಬಂದ ಮೇಲೆ ಜಯಂತ ಹೇಳಿದ, “ಕಡೇ ಬಸ್ಸು ಸಿಗುತ್ತೆ, ಬೇಗ ನಡೀರಿ.”

“ನಾನು ಬರಲ್ಲ,” ಎಂದಳು ಪ್ರೇಮಾ. “ಅಕ್ಕನ ಮನೇಲಿರ್ತೀನಿ. ಆ ಮನೇಲಿ ಇದು ಎರಡು ದಿನ ಉಳಿಯಲ್ಲ, ನಿಮಗೂ ಗೊತ್ತು.”

ಸಾಲಗಾಮೆ ರಸ್ತೆಯಲ್ಲಿದ್ದ ರಂಜನಿಯ ಬಾಡಿಗೆ ಮನೆ ಎರಡೇ ಕೋಣೆಯದು. ಮಗು ಮೊದಮೊದಲು ರೇಗಿ ಅತ್ತಿತು, ಆಮೇಲೆ ಕಪ್ಪೆಯಂತೆ ಕಾಲಗಲಿಸಿಕೊಂಡೇ ನಗಲು ಕಲಿಯಿತು. ಜಯಂತ ದಿನಬಿಟ್ಟು ದಿನ ಬಂದು ಹೋಗುತ್ತಿದ್ದ. ರಂಜನಿ ಪಾಠ ಹೇಳುವಾಗಲೂ ಮನಸ್ಸು ಮನೆಯ ಬಾಗಿಲಲ್ಲೇ ಇರುತ್ತಿತ್ತು. ಯಾರು ಬಂದಾರೋ, ಯಾರು ಬಿಚ್ಚಿಯಾರೋ.

ಮೂರನೆಯ ಭಾನುವಾರ ಅಪ್ಪ ಅಮ್ಮ ಇಬ್ಬರೂ ಬಂದರು. ಕಾವೇರಮ್ಮ ಕೊಬ್ಬರಿ ಮಿಠಾಯಿ ಮಾಡಿ ತಂದಿದ್ದಳು. ಜಗಳದ ಮಾತು ಯಾರೂ ಎತ್ತಲಿಲ್ಲ. ಮೇಷ್ಟರು ಕುರ್ಚಿಯಲ್ಲಿ ಕೂತು ಪೇಪರು ಓದಿದರು.

“ಜನ ಬಂದು ಬಂದು ಹೋಗ್ತಿದ್ದಾರೆ,” ಎಂದಳು ಕಾವೇರಮ್ಮ. “ಕೂಸು ಊರಲ್ಲಿಲ್ಲ ಅಂದ್ರೆ ನಂಬೋದಿಲ್ಲ. ಒಂದು ನಾಲ್ಕು ದಿನ ಕರ್ಕೊಂಡು ಹೋಗಿ ಕಳಿಸ್ತೀನಿ ಪ್ರೇಮಾ.”

ಪ್ರೇಮಾ ಕೇಳಿಸದವಳಂತೆ ಕಾಫಿ ಲೋಟ ತೊಳೆಯಲು ಹಿತ್ತಲಿಗೆ ಹೋದಳು. ರಂಜನಿ ಅನ್ನಕ್ಕಿಡಲು ಅಡುಗೆಮನೆಗೆ ಹೋದಳು. ಆದರೆ ಅವಳ ಕಿವಿ ಇತ್ತಲೇ ಇತ್ತು. ಮಗುವಿನ ಗುನುಗು ಇದ್ದಕ್ಕಿದ್ದಂತೆ ಬೇರೆಯಾಯಿತು. ಅಕ್ಕಿಯ ಪಾತ್ರೆ ಅಲ್ಲೇ ಬಿಟ್ಟು ಓಡಿ ಬಂದಳು.

ಕಾವೇರಮ್ಮ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದಳು. ಮಗು ಅವಳ ಕಾಲ ಮೇಲಿತ್ತು. ಎಡಗಾಲಿನ ಪಟ್ಟಿ ಬಿಚ್ಚಿತ್ತು. ಎಣ್ಣೆಯ ಬಟ್ಟಲು ಪಕ್ಕದಲ್ಲಿ. ಕಾವೇರಮ್ಮ ಎರಡೂ ಮಂಡಿಗಳನ್ನು ಕೂಡಿಸಿ, ಕಾಲುಗಳನ್ನು ನೆಟ್ಟಗೆ ನೀವಿ ಎಳೆಯಲು ಹೊರಟಿದ್ದಳು.

ರಂಜನಿ ತಾಯಿಯ ಮಣಿಕಟ್ಟು ಹಿಡಿದಳು. ಬಳೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಳು.

“ಒಂದು ಗಳಿಗೆ ಕಣೇ. ಎಣ್ಣೆ ಹಚ್ಚಿ ಮತ್ತೆ ಕಟ್ಟಿಬಿಡ್ತಿದ್ದೆ. ಚರ್ಮ ನೋಡು, ಒಣಗಿ...”

“ತೆಗಿ ಕೈ.”

“ಅಮ್ಮ ಕಣೇ ನಾನು.”

“ಅದಕ್ಕೇ ಹೇಳ್ತಿರೋದು. ತೆಗಿ.”

ಹಿತ್ತಲಿಂದ ಬಂದ ಪ್ರೇಮಾ ಮಗುವನ್ನು ಅತ್ತೆಯ ಕಾಲ ಮೇಲಿಂದ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದಳು. ಆಮೇಲೆ ತಿರುಗಿ ಹೇಳಿದಳು, “ಅತ್ತೆ, ಊಟ ಮಾಡ್ಕೊಂಡು ಹೊರಡಿ. ಮಗು ಬರಲ್ಲ. ಇದು ಬಿಚ್ಚೋವರೆಗೂ ಬರಲ್ಲ. ಬಿಚ್ಚಿದ ಮೇಲೂ ಯಾರ ಬೆನ್ನಿನ ಮೇಲೂ ಇದರ ಕಾಲು ಇಡಿಸಲ್ಲ. ಬಂದೋರಿಗೆ ಹಾಗೇ ಹೇಳಿ.”

ಮೇಷ್ಟರು ಪೇಪರು ಕೆಳಗಿಳಿಸಿದರು, ಮತ್ತೆ ಪೇಪರು ಮೇಲೆತ್ತಿದರು.

ರಂಜನಿ ಹಾಸಿಗೆಯ ಅಂಚಿಗೆ ಕೂತು ಮಗುವಿನ ಎಡ ಮಂಡಿಯನ್ನು ಮೆಲ್ಲಗೆ ಮಡಿಸಿ ಮೇಲೆತ್ತಿದಳು. ಎರಡು ಸಲ ಪಟ್ಟಿ ಜಾರಿತು. ಮೂರನೆಯ ಸಲಕ್ಕೆ ಸೇರಿತು. ಪಟ್ಟಿ ಎದೆಗೆ ಒತ್ತುತ್ತಿಲ್ಲವೆಂದು ಬೆರಳು ತೂರಿಸಿ ನೋಡಿಕೊಂಡಳು. ಹಿಂದೆ ಯಾರೋ ಬಂದು ನಿಂತದ್ದು ತಿಳಿಯಿತು. ಎಣ್ಣೆಯ ವಾಸನೆಯಿಂದ ಅಮ್ಮನೆಂದು ಗೊತ್ತಾಯಿತು.

“ಹೇಗೆ ಕಟ್ಟೋದು ಅಂತ ನನಗೂ ತೋರಿಸೇ,” ಎಂದಳು ಕಾವೇರಮ್ಮ, ತಗ್ಗಿದ ದನಿಯಲ್ಲಿ.

ಕ್ಷಮಿಸಿದೆ ಎನ್ನಬಹುದಾದಂಥದ್ದು ಏನೂ ರಂಜನಿಯ ಒಳಗೆ ಹುಟ್ಟಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು, ಮಗುವಿನ ಕಾಲುಗಳು ಅಮ್ಮನಿಗೆ ಕಾಣುವಷ್ಟು.

“ನೋಡು,” ಎಂದಳು. “ಮುಟ್ಟಬೇಡ. ನೋಡು.”